ಗ್ರಿಲ್ಲಿನ ಬಾಯಿಗೆ ಬಿರಡೆ

ಕಳೆದ ಭಾನುವಾರ ಘಾಟ್ಕೋಪರದ ನಮ್ಮ ಕನ್ನಡ ಸಂಘದ ಮಹಾಸಭೆ ಇತ್ತು. ಮೊದಲ ವಿಷಯ, ಈ ವರ್ಷ ತೀರಿಕೊಂಡ ಸದಸ್ಯರಿಗೆ ಶ್ರದ್ಧಾಂಜಲಿ. ಪಟ್ಟಿಯಲ್ಲಿ ಮೂರನೆಯ ಹೆಸರು ಒಲೆ ರಿಪೇರಿಯ ಮಿಸ್ತ್ರಿಯೊಬ್ಬರದು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು 'ಸಂಘಕ್ಕೆ ತುಂಬ ಬೇಕಾದವರಾಗಿದ್ದರು' ಎಂದು ಓದಿದರು. ಎಲ್ಲರೂ ಎರಡು ನಿಮಿಷ ಎದ್ದು ನಿಂತರು. ಆರು ವರ್ಷ ಆ ಮನುಷ್ಯನಿಗೆ ಕೂರಲು ಒಂದು ಕುರ್ಚಿ ಕೊಡದವರು ಎರಡು ನಿಮಿಷ ನಿಲ್ಲುವುದಕ್ಕೇನೋ ತಯಾರಿದ್ದರು. ನಾನು ಏಳಲಿಲ್ಲ. ಪಕ್ಕದವರು ನನ್ನ ಮೊಣಕಾಲು ನೋವು ಇನ್ನೂ ವಾಸಿಯಾಗಿಲ್ಲ ಎಂದುಕೊಂಡು ಕನಿಕರದಿಂದ ನೋಡಿದರು.

ಎರಡನೆಯ ವಿಷಯ, ಸಂಘದ ಕಚೇರಿಯಲ್ಲಿ ಬಿದ್ದಿರುವ ಹಳೆಯ ಗ್ಯಾಸ್ ಗ್ರಿಲ್ಲಿನ ಜೀರ್ಣೋದ್ಧಾರ. ಕಾರ್ಯಸೂಚಿ ತಯಾರಿಸಿದವರಿಗೆ ಈ ಎರಡು ವಿಷಯ ಒಂದರ ಕೆಳಗೊಂದು ಬಂದದ್ದು ಗೊತ್ತೂ ಆಗಿರಲಿಕ್ಕಿಲ್ಲ. ಹೊಸ ಸಭಾಂಗಣದ ಅಡುಗೆಮನೆಗೆ ಅದನ್ನು ಸರಿಮಾಡಿಸಿ ಇಡಬೇಕೋ ಬೇಡವೋ ಎಂಬ ಬಗ್ಗೆ ಹಿಂದಿನ ಕಾರ್ಯದರ್ಶಿಯಾದ ನಾನು ಲಿಖಿತ ಅಭಿಪ್ರಾಯ ಕೊಡಬೇಕಂತೆ. ಜೊತೆಗೆ ಸ್ಮರಣ ಸಂಚಿಕೆಗೆ ತೀರಿಕೊಂಡ ಆ ಮಿಸ್ತ್ರಿಯ ಬಗ್ಗೆ ಎರಡು ಪುಟ. 'ಒಳ್ಳೆಯ ಮಾತಷ್ಟೇ ಇರಲಿ ಸಾರ್' ಎಂದು ಸಂಪಾದಕರು ಎರಡು ಸಲ ಹೇಳಿದರು. ಎರಡನ್ನೂ ಒಂದೇ ಕಾಗದದಲ್ಲಿ ಮುಗಿಸುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದ ಕಡೆ ಒಮ್ಮೆ ಬರೆದಿದ್ದೇನೆ, ಅದು ಮುಂದೆ ಬರುತ್ತದೆ. ಹೋಟೆಲಿನವರೆಲ್ಲ ಅವರನ್ನು ರೊಟ್ಟಿ ಮಿಸ್ತ್ರಿ ಎಂದು ಕರೆಯುತ್ತಿದ್ದರು. ವಿಜಾಪುರದ ಕಡೆಯವರು. ಗ್ಯಾಸ್ ಒಲೆ ರಿಪೇರಿ ಅವರ ಕಸುಬು. ಜೋಗೇಶ್ವರಿಯಲ್ಲಿ, ಇಡೀ ದಿನ ಲೇತ್ ಮಶೀನು ಕಿರುಚುವ ಒಂದು ಗಲ್ಲಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಈ ಊರಿನ ಎಷ್ಟೋ ಉಡುಪಿ ಹೋಟೆಲುಗಳ ದೋಸೆ ಕಲ್ಲು ಅವರ ಕೈಗುಣದಿಂದ ಕಾಯುತ್ತಿತ್ತು. ತಿನ್ನುವವರಿಗೆ ಅದು ಗೊತ್ತಿರಲಿಲ್ಲ, ತಿನ್ನಿಸುವವರು ನೆನಪಿಟ್ಟುಕೊಳ್ಳಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಮನೆಯ ಒಲೆ ಹಳದಿ ಉರಿ ಉರಿದು ಪಾತ್ರೆಗಳಿಗೆಲ್ಲ ಮಸಿ ಹಿಡಿಸತೊಡಗಿತು. ಸಂಘದಲ್ಲಿ ಯಾರೋ ಹೇಳಿದರೆಂದು ಅವರನ್ನು ಕರೆಸಿದೆ. ಒಲೆ ಬಿಚ್ಚಿ ನೋಡಿದರೆ ಬರ್ನರಿನ ತೂತುಗಳಲ್ಲಿ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ನನ್ನ ಹೆಂಡತಿ ಮೈಸೂರಿನವಳು. ಆಯುಧಪೂಜೆಗೆ ಒಲೆಗೂ ಧಾರಾಳವಾಗಿ ಬೊಟ್ಟಿಡುತ್ತಿದ್ದಳು.

'ತಾಯೀ, ಪೂಜಾ ಮಾಡ್ರಿ, ಬ್ಯಾಡನ್ನೂದಿಲ್ಲ' ಎಂದರು ಮಿಸ್ತ್ರಿ. 'ಆದ್ರ ದೇವರ ಮೂಗಿನ್ಯಾಗ ಕುಂಕುಮ ತುರುಕಬ್ಯಾಡ್ರಿ. ಉಸರಾಡೂದು ಹ್ಯಾಂಗ ಅದು?'

ಅವಳಿಗೆ ಸಿಟ್ಟು ಬಂತು. ಅವರಿಗೆ ಅದು ಕಾಣಿಸಲೂ ಇಲ್ಲ. ಒಲೆ ಜೋಡಿಸಿ, ಚೀಲದಿಂದ ಒಂದು ಡಬ್ಬಿ ತೆಗೆದು, 'ಒಂದು ಪರಾತ, ಒಂದು ತಂಬಿಗಿ ಬಿಸಿನೀರು ಕೊಡ್ರಿ' ಎಂದರು. ಡಬ್ಬಿಯಲ್ಲಿ ಜೋಳದ ಹಿಟ್ಟು. ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಪಟಪಟ ಎರಡು ರೊಟ್ಟಿ ಬಡಿದರು. ಎಡ ಬರ್ನರಿನ ಮೇಲೆ ಒಂದು, ಬಲ ಬರ್ನರಿನ ಮೇಲೆ ಒಂದು ಬೇಯಿಸಿದರು. ಬೇಯುವಷ್ಟು ಹೊತ್ತೂ ಮುಖವನ್ನು ಒಲೆಯ ಪಕ್ಕಕ್ಕೆ ತಂದು ಮೂಸುತ್ತಿದ್ದರು. ಆಮೇಲೆ ಎರಡನ್ನೂ ನಮ್ಮೆದುರೇ ಚಟ್ನಿಪುಡಿ ಹಚ್ಚಿಕೊಂಡು ತಿಂದರು.

'ನಾ ಉಣ್ಣದ ಒಲಿ ಮ್ಯಾಲ ಯಾರೂ ಉಣಬಾರದ್ರಿ. ಈಗ ನೀವು ಉಣ್ರಿ' ಎಂದು ಕೈ ತೊಳೆದುಕೊಂಡರು.

ಹೊರಗಿನ ಗಂಡಸೊಬ್ಬ ನಮ್ಮ ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿದದ್ದು ಅದೇ ಮೊದಲು. ಅವರು ಹೋದ ಮೇಲೆ ಆ ನೆಲಕ್ಕೆ ಎರಡು ಬಕೆಟ್ ನೀರು ಬಿತ್ತು. ಸುರಿದವಳು ಅವಳು, ತುಂಬಿಸಿ ಕೊಟ್ಟವನು ನಾನು. ಒಳ್ಳೆಯ ಮಾತಷ್ಟೇ ಇರಲಿ ಅಂದವರಿಗಾಗಿ ಇದನ್ನೂ ಬರೆದುಬಿಡುತ್ತೇನೆ.

ರೊಟ್ಟಿಯ ಈ ಪದ್ಧತಿಗೆ ಏನೋ ಹಿಂದಿನ ಕತೆ ಇರಬೇಕೆಂದು ನಾವೆಲ್ಲ ಊಹಿಸಿದ್ದೆವು. ಯಾರೋ ಸುಟ್ಟುಕೊಂಡಿರಬೇಕು, ಯಾವುದೋ ಮನೆ ಹೊತ್ತಿರಬೇಕು, ಹೀಗೆ. ಒಮ್ಮೆ ಕೇಳಿಯೇಬಿಟ್ಟೆ. 'ಕೆಲಸ ಮುಗಿಯೂದ್ರಾಗ ಹೊಟ್ಟಿ ಹಸದಿರ್ತದ್ರೀ' ಎಂದರು. ಅದಕ್ಕಿಂತ ಹೆಚ್ಚು ಅವರಿಂದ ಹೊರಡಲಿಲ್ಲ. ದೊಡ್ಡ ಹೋಟೆಲಿನಲ್ಲಿ ಹನ್ನೆರಡು ಬರ್ನರಿದ್ದರೆ ಹನ್ನೆರಡು ರೊಟ್ಟಿ ಬೀಳುತ್ತಿದ್ದವು. ಪ್ರತಿಯೊಂದರಿಂದ ಒಂದು ತುಂಡು ಮುರಿದು ತಿಂದು ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಗಿರಾಕಿಗಳು ಕಾಯುತ್ತಿದ್ದಾರೆ, ಬೇಗ ಬಿಡಿ ಎಂದು ಒಬ್ಬ ಮ್ಯಾನೇಜರು ಅವಸರ ಮಾಡಿದ್ದಕ್ಕೆ, ಜೋಡಿಸಿದ್ದ ಒಲೆಯನ್ನು ಪೂರ್ತಿ ಬಿಚ್ಚಿ ನೆಲದ ಮೇಲೆ ಹರವಿ, 'ಇನ್ನ ಸಾವಕಾಶ ಮಾಡೋಣಂತ' ಎಂದು ಬೀಡಿ ಸೇದಲು ಹೊರಗೆ ಹೋದರಂತೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಆ ಮೂಗು ಬೇರೆ ಕೆಲಸಕ್ಕೂ ಬರುತ್ತಿತ್ತು.

ಅವರ ಶೆಡ್ಡಿಗೆ ಹೋದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಗೋಡೆಯ ಪಕ್ಕದ ಒಂದು ಸಾಲು. ರಿಪೇರಿಯಾಗದ ಒಲೆಗಳು. ಅವುಗಳಲ್ಲಿ ಗ್ಯಾಸ್ ಒಳಹೋಗುವ ಬಾಯಿಗೆ ಒಂದೊಂದು ಮರದ ಬಿರಡೆ ಜಡಿದಿರುತ್ತಿತ್ತು. ಹೋಟೆಲಿನವರು ಎಸೆದ ಮುರುಕು ಲಟ್ಟಣಿಗೆಗಳನ್ನು ತಂದು, ತುದಿ ಕೊಯ್ದು, ಉಜ್ಜಿ, ಬಿರಡೆ ಮಾಡಿಟ್ಟುಕೊಳ್ಳುತ್ತಿದ್ದರು. ಸರಿಯಾಗುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ಬಾಯಿಗೆ ಬಿರಡೆ ಇಟ್ಟು ಸುತ್ತಿಗೆಯಿಂದ ಬಡಿದರೆ ಅಲ್ಲಿಗೆ ಮುಗಿಯಿತು. ಆ ಒಲೆಯನ್ನು ಇನ್ನು ಯಾರೂ ಹೊತ್ತಿಸುವಂತಿಲ್ಲ. ಗುಜರಿಗೆ ಹಾಕುವಾಗಲೂ ಇಡಿಯಾಗಿ ಕೊಡುತ್ತಿರಲಿಲ್ಲ. ಧಾರಾವಿಯಿಂದ ಗುಜರಿಯವನು ಕೈಗಾಡಿ ತಂದರೆ, ಅವನ ಕಣ್ಣೆದುರಿಗೇ ಘನ ಎಂಬ ದೊಡ್ಡ ಸುತ್ತಿಗೆಯಿಂದ ಬಡಿದು ಪುಡಿ ಮಾಡಿ ಆಮೇಲೆ ತುಂಬುತ್ತಿದ್ದರು. ಅವನು ಬೈಯುತ್ತಿದ್ದ. ಇವರು ವಾಪಸು ಬೈಯುತ್ತಿದ್ದರು.

'ಇಡೀದು ಕೊಟ್ರ ನಾಳೆ ಇವನೇ ಬಣ್ಣಾ ಬಡದು ಮಾರ್ತಾನ್ರಿ' ಎನ್ನುತ್ತಿದ್ದರು ನನಗೆ. 'ಬಣ್ಣ ಹಚ್ಚಿದ ಹೆಣ ಕಂಡ ನಾಲ್ಕು ಮಂದಿ ಜೀವ ಅದ ಅಂತ ತಿಳೀತಾರ.'

ಈಗ ಗ್ರಿಲ್ಲಿನ ವಿಷಯ.

ನಮ್ಮ ಅಧ್ಯಕ್ಷರು ಕರಾವಳಿಯವರು, ಹೋಟೆಲ್ ಮಾಲೀಕರು. ಅವರ ತಂದೆ ಊರಿನ ದಕ್ಷಿಣ ತುದಿಯ ಕೋಟೆ ಭಾಗದಲ್ಲಿ ಮೊದಲ ಹೋಟೆಲ್ ತೆಗೆದಾಗ ಆ ಗ್ರಿಲ್ಲಿನ ಮೇಲೆ ಬ್ರೆಡ್ ಟೋಸ್ಟ್ ಮಾಡಿ ಬದುಕು ಕಟ್ಟಿದರಂತೆ. ಎರಕದ ಕಬ್ಬಿಣದ ದೊಡ್ಡ ಪೆಟ್ಟಿಗೆ, ಗ್ಯಾಸ್ ತಿರುಗಿಸುವ ಹಿತ್ತಾಳೆಯ ಕಿವಿಗಳು, ಮುಂದೆ ಹಸಿರು ಎನಾಮಲ್ಲು. ಆ ಕಾಲದಲ್ಲಿ ಕೋಟೆಯ ಕಡೆ ಕಲ್ಲಿದ್ದಲ ಗ್ಯಾಸ್ ನಲ್ಲಿಯಲ್ಲಿ ನೀರು ಬಂದ ಹಾಗೆ ಪೈಪಿನಲ್ಲಿ ಬರುತ್ತಿತ್ತು. ಆ ಗ್ಯಾಸು ನಿಂತ ಮೇಲೆ ಗ್ರಿಲ್ಲು ಹೋಟೆಲಿನ ಟೆರೇಸಿನಲ್ಲಿ, ಸಮುದ್ರದ ಉಪ್ಪುಗಾಳಿಯಲ್ಲಿ, ಎಷ್ಟೋ ಮಳೆಗಾಲ ನೆನೆದು ತುಕ್ಕು ಹಿಡಿಯಿತು. ಸಂಘದ ಬೆಳ್ಳಿಹಬ್ಬ ಹತ್ತಿರ ಬಂದಾಗ ಅಧ್ಯಕ್ಷರಿಗೆ ತಂದೆಯ ನೆನಪು ಉಕ್ಕಿತು. ಗ್ರಿಲ್ಲನ್ನು ಸಂಘಕ್ಕೆ ಕೊಡುಗೆ ಕೊಡುತ್ತೇನೆ, ಬೆಳ್ಳಿಹಬ್ಬದ ದಿನ ಮುಖ್ಯ ಅತಿಥಿಗಳು ವೇದಿಕೆಯ ದೀಪದಿಂದಲೇ ಅದನ್ನು ಹೊತ್ತಿಸಬೇಕು, ಅದರ ಮೇಲೆ ಸುಟ್ಟ ಮೊದಲ ಟೋಸ್ಟನ್ನು ಎಲ್ಲರೂ ಪ್ರಸಾದದ ಹಾಗೆ ತಿನ್ನಬೇಕು ಎಂದರು. ಸಮಿತಿ ಚಪ್ಪಾಳೆ ತಟ್ಟಿತು. ಸಂಘದ ಕುರ್ಚಿ, ಫ್ಯಾನು, ಮೈಕು ಎಲ್ಲ ಅವರು ಕೊಟ್ಟವು, ಚಪ್ಪಾಳೆ ತಟ್ಟದೆ ಇನ್ನೇನು ಮಾಡುತ್ತದೆ. ನಾನೂ ತಟ್ಟಿದೆ. ನಾನಿದ್ದ ಬಿಲ್ಡಿಂಗಿನ ಖೋಲಿ, ಅಂದರೆ ನಮ್ಮ ಮನೆ, ನನಗೆ ಸಿಕ್ಕದ್ದು ಅವರ ಒಂದು ಮಾತಿನಿಂದ.

ಗ್ರಿಲ್ಲನ್ನು ಟೆಂಪೋದಲ್ಲಿ ಹೇರಿಕೊಂಡು ಜೋಗೇಶ್ವರಿಗೆ ಹೋದವನು ನಾನೇ. ಮಿಸ್ತ್ರಿ ಅದನ್ನು ಕಂಡ ಕೂಡಲೇ ಎದ್ದು ಬಂದರು. ಮಗುವಿನ ಬೆನ್ನು ಸವರಿದ ಹಾಗೆ ಸವರಿದರು. 'ಎಂಥಾ ಎರಕರೀ ಇದು! ಈಗ ಯಾರೂ ಹಿಂಗ ಮಾಡೂದಿಲ್ಲ' ಎಂದರು. ಅವರಿಗೆ ಅದನ್ನು ಉಳಿಸುವ ಆಸೆ ಇರಲಿಲ್ಲ ಎಂದು ಆಮೇಲೆ ಅಧ್ಯಕ್ಷರು ಹಬ್ಬಿಸಿದರು. ಸುಳ್ಳು. ನಾಲ್ಕು ದಿನ ಬೇರೆ ಕೆಲಸ ಬದಿಗಿಟ್ಟು ಅದರ ಹಿಂದೆ ಬಿದ್ದಿದ್ದರು. ಐದನೆಯ ದಿನ ನನ್ನನ್ನು ಕರೆಸಿದರು.

ಬಾಯಿಗೆ ಸೈಕಲ್ ಪಂಪು ಸಿಕ್ಕಿಸಿ, ಕಿವಿಗಳನ್ನೆಲ್ಲ ಬಂದ್ ಮಾಡಿ, ಗ್ರಿಲ್ಲಿನ ಮೈಗೆಲ್ಲ ಸೋಪಿನ ನೊರೆ ಬಳಿದಿದ್ದರು. 'ಸೆಕ್ರೆಟರಿ ಸಾಹೇಬ್ರ, ಹೊಡೀರಿ' ಎಂದು ಪಂಪಿನ ಹಿಡಿಯನ್ನು ನನ್ನ ಕೈಗೇ ಕೊಟ್ಟರು. ನಾನು ಒತ್ತಿದೆ. ಹಿಂದಿನ ಗೋಡೆಯುದ್ದಕ್ಕೂ ಗುಳ್ಳೆಗಳೆದ್ದವು. ಒತ್ತಿದಷ್ಟೂ ಎದ್ದವು.

'ಕಂಡ್ವಾ?'

'ಕಂಡವು.'

'ಬ್ಯಾರೆ ಪೈಪ್ ಇದ್ದಿದ್ರ ಬದಲಿ ಹಾಕ್ತಿದ್ದೆ. ಇದರಾಗ ಗ್ಯಾಸ್ ಹೋಗೂ ದಾರೀನೂ ಮೈಯೊಳಗ ಎರಕ ಆಗೇದ. ಒಳಗಿಂದ ತಿಂದು ಹೋಗೇದ್ರಿ. ಬೆಸಿಗಿ ಹಾಕಿದ್ರ ಸೀಳ್ತದ. ಮ್ಯಾಲ ಏನರ ಮೆತ್ತಿದ್ರ ಬಿಸಿ ಆದಾಗ ಬಿಡ್ತದ. ಅದೂ ಹಳೇ ಪೈಪ್ ಗ್ಯಾಸ್ ಹಗೂರ ಇತ್ತು, ಮ್ಯಾಲ ಹಾರಿ ಹೋಗ್ತಿತ್ತು. ಈ ಸಿಲಿಂಡರ್ ಗ್ಯಾಸ್ ಜಡ. ಕೆಳಗ ಕುಂದರ್ತದ, ಹಾವಿನಂಗ.' ನೊರೆ ಒರೆಸುತ್ತಾ, 'ತೊಳದು, ತಿಕ್ಕಿ, ಕನ್ನಡಿ ಹಂಗ ಮಾಡಿ ಕೊಡ್ತೀನಿ. ಅಪ್ಪನ ನೆನಪು ಅಂತ ಹಾರ ಹಾಕಿ ಇಡ್ರಿ. ಗ್ಯಾಸ್ ಮಾತ್ರ ಬಿಡೂದಿಲ್ಲ' ಎಂದರು. ನನ್ನೆದುರಿಗೇ ಬಿರಡೆ ಆರಿಸಿ, ಬಾಯಿಗಿಟ್ಟು, ಮೂರೇಟು ಹಾಕಿದರು. ಮೂರನೆಯ ಏಟು ಹಾಕುವಾಗ ಅವರ ಮುಖ ನೋಡಲಾಗಲಿಲ್ಲ.

ಅಧ್ಯಕ್ಷರಿಗೆ ಹೇಳಿದೆ. ಅವರು ಸಿಡಿದರು.

'ಎಂತ ಮಾತಾಡುದು ಮಾರಾಯ್ರೆ ನೀವು? ನಮ್ಮ ಅಪ್ಪ ಇಪ್ಪತ್ತು ವರ್ಷ ಇದರಲ್ಲೇ ಟೋಸ್ಟ್ ಮಾಡಿದ್ದು. ಆಗ ಸೋರ್ಲಿಲ್ಲ, ಈಗ ಸೋರ್ತದಾ? ಅವನಿಗೆ ಕೆಲಸ ಬರುದಿಲ್ಲ, ಅಷ್ಟೇ. ಬೇರೆಯವರಿಗೆ ಕೊಡುವ.'

ನಾನು ಗುಳ್ಳೆಗಳ ಮಾತೆತ್ತಿದೆ. ಒಂದೇ ಸಲ, ಅದೂ ಮೆಲ್ಲಗೆ. ಅವರು ನನ್ನ ಕಡೆ ನೋಡಿ, 'ಮನೆಯಲ್ಲಿ ಎಲ್ಲ ಸೌಖ್ಯವಾ? ಖೋಲಿ ಅನುಕೂಲ ಉಂಟಲ್ಲ?' ಎಂದರು. ಎಲ್ಲ ಅನುಕೂಲ ಉಂಟು ಎಂದೆ.

ಬೇರೊಬ್ಬ ಮಿಸ್ತ್ರಿ ಬಂದ. ಬಿರುಕಿಗೆಲ್ಲ ಏನೋ ಅಂಟು ಮೆತ್ತಿದ, ಮೂರು ಕೋಟು ಬೆಳ್ಳಿ ಬಣ್ಣ ಹೊಡೆದ. ಗ್ರಿಲ್ಲು ಮದುಮಗನ ಹಾಗೆ ಹೊಳೆಯಿತು. ಬಿರಡೆ ತೆಗೆಯಲು ಮಾತ್ರ ಅವನು ಒಪ್ಪಲಿಲ್ಲ. 'ರೊಟ್ಟಿ ಮಿಸ್ತ್ರೀಚಾ ಆಹೇ ನಾ? ಮೀ ನಾಹೀ ಕಾಢಣಾರ' ಎಂದ. ರೊಟ್ಟಿ ಮಿಸ್ತ್ರಿ ಹಾಕಿದ್ದನ್ನು ತಾನು ತೆಗೆಯುವುದಿಲ್ಲ ಎಂದು. ಹೊಟ್ಟೆಪಾಡಿಗೆ ಬಣ್ಣ ಬಳಿಯುವವನಿಗೂ ಅಷ್ಟು ಅಂಜಿಕೆ ಇತ್ತು. ಬಿ.ಎ. ಓದಿದ, ಸಂಘದ ವೇದಿಕೆಯಲ್ಲಿ ಸಂಸ್ಕೃತಿಯ ಬಗ್ಗೆ ಭಾಷಣ ಮಾಡುತ್ತಿದ್ದ ನನಗೆ ಇರಲಿಲ್ಲ. ಬೆಳ್ಳಿಹಬ್ಬದ ಹಿಂದಿನ ದಿನ ಕೈ ಡ್ರಿಲ್ಲು ತಂದು ನಾನೇ ಕೊರೆದೆ. ಅರ್ಧ ಗಂಟೆ ಹಿಡಿಯಿತು. ಗಟ್ಟಿ ಮರ. ಕೊನೆಗೆ ಅರ್ಧ ತುಂಡಾಗಿ ಹೊರಗೆ ಬಂತು, ಉಳಿದರ್ಧ ಪುಡಿಯಾಯಿತು. ಆ ತುಂಡನ್ನು ಯಾಕೆ ಜೇಬಿಗೆ ಹಾಕಿಕೊಂಡೆನೋ ಗೊತ್ತಿಲ್ಲ.

ಬೆಳ್ಳಿಹಬ್ಬ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಬೆಳಿಗ್ಗೆ ಹತ್ತು ಗಂಟೆ. ರೇಷ್ಮೆ ಸೀರೆ, ಮಲ್ಲಿಗೆ, ಪನ್ನೀರು. ವೇದಿಕೆಯ ಮೇಲೆ ಜಮಖಾನ ಹಾಸಿ ಗ್ರಿಲ್ಲು ಇಟ್ಟಿದ್ದರು, ಪಕ್ಕದಲ್ಲಿ ಇನ್ನೂ ಹೊತ್ತಿಸದ ಆಳೆತ್ತರದ ದೀಪದ ಕಂಬ, ಹಿಂದೆ ಪರದೆಯ ಮರೆಯಲ್ಲಿ ಸಿಲಿಂಡರು. ಮುಂದಿನ ಸಾಲುಗಳಲ್ಲಿ ನಾಡಗೀತೆ ಹಾಡಲು ಬಂದ ಮಕ್ಕಳು ನೆಲದ ಮೇಲೆ ಕೂತಿದ್ದರು. ಮಿಸ್ತ್ರಿ ಸದಸ್ಯರಾಗಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕೊನೆಯ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಮೇಲಿದ್ದದ್ದು ಶೋಭೆಗಿಟ್ಟ ಗ್ರಿಲ್ಲು ಎಂದೇ ಅವರು ನಂಬಿದ್ದಿರಬೇಕು. ಬಿರಡೆ ಹಾಕಿದವರು ಅವರು, ತೆಗೆಯುವ ಕೈ ಯಾವುದಿದ್ದೀತು ಎಂದುಕೊಂಡಿರಬೇಕು.

ಅಡುಗೆಯವನು ಸಿಲಿಂಡರಿನ ಕೀಲಿಯನ್ನು ಮೊದಲೇ ತಿರುಗಿಸಿ ಗ್ಯಾಸು ಬಿಟ್ಟಿದ್ದ. ಮೈಕಿನ ಮುಂದೆ ನಿಂತಿದ್ದವನು ನಾನು. ಗ್ಯಾಸ್ ಸೋರಿದಾಗ ಬರುವ ಕೊಳೆತ ಎಲೆಕೋಸಿನ ವಾಸನೆ ನನಗೂ ಬಂತು. ಪಕ್ಕದಲ್ಲಿ ಯಾರೋ 'ಹೊಸಾ ಪೇಂಟಲ್ವಾ' ಎಂದರು. ಹೌದು, ಪೇಂಟು ಎಂದು ನಾನೂ ತಲೆಯಾಡಿಸಿದೆ. 'ಈಗ ನಮ್ಮ ಮುಖ್ಯ ಅತಿಥಿಗಳು ಜ್ಯೋತಿ ಬೆಳಗಿಸಿ' ಎಂದು ಮೈಕಿನಲ್ಲಿ ಶುರುಮಾಡಿದೆ.

ಕೊನೆಯ ಸಾಲಿನಲ್ಲಿ ಆ ಮೂಗು ಎದ್ದು ನಿಂತಿತು. ನಡುವಿನ ದಾರಿಯಲ್ಲಿ ಓಡಿ ಬಂದರು. ಮುಖ್ಯ ಅತಿಥಿಗಳ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಕಿತ್ತು ದೂರ ಎಸೆದರು. ಪರದೆ ಸರಿಸಿ, ಕೀಲಿ ಮುಚ್ಚಿ, ರೆಗ್ಯುಲೇಟರು ಕಿತ್ತು, ಸಿಲಿಂಡರನ್ನು ಹೆಗಲಿಗೇರಿಸಿದರು. 'ಬಾಗಲಾ ತಗೀರಿ! ಕಿಡಕಿ ತಗೀರಿ! ಫ್ಯಾನ್ ಮುಟ್ಟಬ್ಯಾಡ್ರಿ!' ಎಂದು ಕೂಗುತ್ತಾ, ಅಡ್ಡ ಬಂದ ಅಧ್ಯಕ್ಷರನ್ನು ಮೊಣಕೈಯಿಂದ ತಳ್ಳಿ, ಮೆಟ್ಟಿಲಿಳಿದು ಹೊರಟೇಹೋದರು. ಶಾಲೆಯ ಮೈದಾನದ ನಟ್ಟನಡುವೆ ಸಿಲಿಂಡರು ಇಳಿಸಿ ಅದರ ಮೇಲೆ ಕೂತರು. ಬಿಸಿಲಲ್ಲಿ, ಬಿಳಿ ಅಂಗಿಯಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು.

ಏನೂ ಆಗಲಿಲ್ಲ. ಅವರ ದುರದೃಷ್ಟ ಅದೇ. ಒಂದು ಪರದೆಯಾದರೂ ಹೊತ್ತಿಕೊಂಡಿದ್ದರೆ ಅವರಿಗೆ ಶಾಲು ಹೊದಿಸುತ್ತಿದ್ದರು. ಯಾರ ಕೂದಲೂ ಕೊಂಕದ್ದರಿಂದ ಅವರು ಸಮಾರಂಭ ಕೆಡಿಸಿದ ಪುಂಡರಾದರು, ಹೊಟ್ಟೆಕಿಚ್ಚಿನ ಮನುಷ್ಯನಾದರು, ಸಿಲಿಂಡರು ಹೊತ್ತೊಯ್ದ ಕಳ್ಳನಾದರು. ಅಧ್ಯಕ್ಷರ ಮ್ಯಾನೇಜರು ಪೊಲೀಸರನ್ನು ಕರೆತಂದ. ಮೈದಾನದಿಂದ ಅವರನ್ನು ಎಬ್ಬಿಸಿಕೊಂಡು ಹೋಗುವಾಗ ನಾಡಗೀತೆ ಶುರುವಾಗಿತ್ತು. ಬದುಕುಳಿದ ಮಕ್ಕಳು ಚೆನ್ನಾಗಿಯೇ ಹಾಡಿದರು.

ಠಾಣೆಗೆ ಸಂಘದ ಪರವಾಗಿ ಹೋದವನೂ ನಾನೇ. ಇನ್ಸ್‌ಪೆಕ್ಟರು ಕೆಟ್ಟವನಲ್ಲ. ಮಿಸ್ತ್ರಿ ಹೇಳಿದ್ದನ್ನೆಲ್ಲ ಕೇಳಿ ನನ್ನ ಕಡೆ ತಿರುಗಿದ.

'ಗ್ಯಾಸ್ ಲೀಕ್ ಹೋತ್ ಹೋತಾ ಕಾ? ತುಮ್ಹಾಲಾ ಮಾಹೀತ್ ಹೋತಂ ಕಾ?'

ಗ್ಯಾಸು ಸೋರುತ್ತಿತ್ತೇ, ನಿಮಗೆ ಗೊತ್ತಿತ್ತೇ. ಇಷ್ಟೇ ಪ್ರಶ್ನೆ. ಮಿಸ್ತ್ರಿ ನನ್ನನ್ನೇ ನೋಡುತ್ತಿದ್ದರು, ಧೈರ್ಯವಾಗಿ. ಪಂಪು ಒತ್ತಿದವನು ನಾನಲ್ಲವೇ. ನನ್ನ ಜೇಬಿನಲ್ಲಿ ಬಿರಡೆಯ ತುಂಡಿತ್ತು, ತಲೆಯಲ್ಲಿ ಖೋಲಿ ಇತ್ತು.

'ಮಲಾ ಮಾಹೀತ್ ನಾಹೀ, ಸಾಹೇಬ್' ಎಂದೆ. ನನಗೆ ಗೊತ್ತಿಲ್ಲ.

ಅವರು ಕಣ್ಣು ಕೆಳಗಿಳಿಸಿದರು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುತ್ತೇನೆ ಎಂದ ಇನ್ಸ್‌ಪೆಕ್ಟರು. ಮಿಸ್ತ್ರಿಗೆ ಮರಾಠಿ ಮಾತು ಬರುತ್ತಿತ್ತು, ಓದಲು ಬಾರದು. ಬರೆದವನು ನಾನು. ಹೆಸರು, ವಯಸ್ಸು, ವಿಳಾಸ, ಸಿಟ್ಟಿನ ಭರದಲ್ಲಿ ಸಂಘದ ಸಿಲಿಂಡರು ಕದ್ದು ಒಯ್ದದ್ದು ತಪ್ಪಾಯಿತು, ಇನ್ನು ಹಾಗೆ ಮಾಡುವುದಿಲ್ಲ.

'ಏನ್ ಬರದೀರಿ?' ಎಂದರು.

'ತಪ್ಪಾಯಿತು ಅಂತ.'

'ಯಾವುದು ತಪ್ಪು?'

ನಾನು ಪೆನ್ನು ಮುಂದೆ ಹಿಡಿದೆ. ಅವರು ಕನ್ನಡದಲ್ಲಿ ಸಹಿ ಹಾಕಿದರು, ದುಂಡಗೆ, ಶಾಲೆಯಲ್ಲಿ ಕಲಿತ ಹಾಗೆ. ಠಾಣೆಯವರು ಒಂದು ಕಾರ್ಬನ್ ಪ್ರತಿಯನ್ನು ಅವರ ಕೈಗೆ ಕೊಟ್ಟರು.

ಆಮೇಲಿನ ಆರು ವರ್ಷ ಸಂಘದಲ್ಲಿ ಅವರಿಗೆ ಕುರ್ಚಿಯಿರಲಿಲ್ಲ. ಹೋಟೆಲುಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಮಾಲೀಕರೆಲ್ಲ ಅಧ್ಯಕ್ಷರಿಗೆ ಬೇಕಾದವರೇ, ಕಳ್ಳನನ್ನು ಅಡುಗೆಮನೆಗೆ ಯಾರು ಬಿಟ್ಟುಕೊಳ್ಳುತ್ತಾರೆ. ಹೋಟೆಲುಗಳ ಭಟ್ಟಿ ಒಲೆಗಳನ್ನು ಆಳಿದ ಕೈ ಜೋಗೇಶ್ವರಿಯ ಚಾಳುಗಳಲ್ಲಿ ಸೀಮೆಎಣ್ಣೆ ಸ್ಟೋವಿಗೆ ಪಿನ್ನು ಚುಚ್ಚುತ್ತಾ ಕೂತಿತು. ಇತ್ತ ಗ್ರಿಲ್ಲನ್ನು ಅಪಶಕುನವೆಂದು ಕಚೇರಿಯ ಮೂಲೆಗೆ ತಳ್ಳಿ ಮೇಲೊಂದು ಬಟ್ಟೆ ಹೊದಿಸಿದರು. ಯಾರೂ ಹೊತ್ತಿಸಲಿಲ್ಲ. ಹೊತ್ತಿಸುವ ಧೈರ್ಯ ಅಧ್ಯಕ್ಷರಿಗೂ ಬರಲಿಲ್ಲ, ಆದರೆ ಯಾಕೆ ಬರಲಿಲ್ಲ ಎಂದು ಅವರನ್ನು ಯಾರೂ ಕೇಳಲೂ ಇಲ್ಲ.

ಒಂದು ಸಲ ದಾದರದ ಸೇತುವೆಯ ಮೇಲೆ ಎದುರು ಸಿಕ್ಕರು. ತಪ್ಪಿಸಿಕೊಳ್ಳಲು ಆಗದಷ್ಟು ನೂಕುನುಗ್ಗಲು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. 'ನಿಮ್ಮ ಒಲಿ ಉರಿ ನೀಲೀ ಬರ್ತದಿಲ್ರೀ?' ಎಂದರು. ಬರುತ್ತದೆ ಎಂದೆ. 'ತಾಯಿಗೆ ಹೇಳ್ರಿ, ತೂತು ನೋಡಕೋತ ಇರಬೇಕು' ಎಂದು ಜನರ ನಡುವೆ ಸೇರಿಹೋದರು. ಆ ಮಾತಿಗೆ ನನಗೆ ಬಂದ ಸಿಟ್ಟು ಇಂದಿಗೂ ಆರಿಲ್ಲ. ಮ್ಯಾನೇಜರ ಮೇಲೆ ಕೂಗಾಡುತ್ತಿದ್ದ, ಗುಜರಿಯವನ ಜನ್ಮ ಜಾಲಾಡುತ್ತಿದ್ದ ಮನುಷ್ಯ ನನ್ನ ಪಾಲಿನ ಬೈಗುಳ ನನಗೆ ಯಾಕೆ ಕೊಡಲಿಲ್ಲ?

ಅವರು ತೀರಿಕೊಂಡ ಹದಿನೈದು ದಿನಕ್ಕೆ ಜೋಗೇಶ್ವರಿಗೆ ಹೋದೆ. ಅವರ ಹೆಂಡತಿ ಕೂರಲು ಚಾಪೆ ಹಾಕಿದರು. ಒಳಗಿನಿಂದ ಜೋಳದ ಹಿಟ್ಟಿನ ಡಬ್ಬಿ ತಂದು, ಅದರ ತಳದಿಂದ ಮಡಿಸಿದ ಕಾಗದ ತೆಗೆದರು. ಕಾರ್ಬನ್ನಿನ ನೀಲಿ ಮಾಸಿತ್ತು.

'ಇದು ಏನ್ರಿ? ಅವ್ರು ಹೇಳಲೇ ಇಲ್ಲ. ನನಗ ಮರಾಠಿ ಓದಾಕ ಬರಂಗಿಲ್ಲ. ನೀವು ಓದಿ ಹೇಳ್ರಿ.'

ನಾನು ಬರೆದದ್ದನ್ನು ನಾನೇ ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಹೇಳಿದೆ. 'ಕದ್ದು' ಎಂಬಲ್ಲಿ ಕಾಗದ ಮಡಿಸಹೋದೆ. ಆಕೆ ಕಾಯುತ್ತಾ ಕೂತರು, ಅದನ್ನೂ ಹೇಳಿದೆ.

'ಅವ್ರು ಕದ್ದಿದ್ರೇನ್ರಿ?'

'ಇಲ್ಲ ತಾಯೀ.'

'ಹಂಗಾರ ಅದನ್ನ ಬರದು ಕೊಡ್ರಿ. ಕನ್ನಡದಾಗ ಬರೀರಿ. ನಾ ಓದ್ಕೋತೀನಿ.'

ಚಹಾ ಬೇಕೇ ಎಂದು ಆಕೆ ಕೇಳಲಿಲ್ಲ. ಕೇಳದಿದ್ದದ್ದೇ ಸರಿ.

ಸಮಿತಿಯವರೇ, ಲಿಖಿತ ಅಭಿಪ್ರಾಯ ಕೇಳಿದ್ದೀರಿ. ಕಚೇರಿಯ ಕೀಲಿಕೈ ಒಂದು ಇನ್ನೂ ನನ್ನಲ್ಲಿದೆ, ವಾಪಸು ಕೇಳಲು ನೀವು ಮರೆತಿದ್ದೀರಿ. ನಿನ್ನೆ ಮಧ್ಯಾಹ್ನ ಹೋಗಿ ಬಟ್ಟೆ ಸರಿಸಿದೆ. ಜೋಗೇಶ್ವರಿಯ ಶೆಡ್ಡಿನಿಂದ ಆಕೆಯನ್ನು ಕೇಳಿ ತಂದಿದ್ದ ಘನ ಕೈಯಲ್ಲಿತ್ತು. ನನ್ನ ವಯಸ್ಸಿಗೆ ಅದು ಭಾರ. ಬೆಳ್ಳಿ ಬಣ್ಣದ ಮೇಲೆ ಮೊದಲ ಏಟಿಗೆ ಕಪ್ಪು ಬಿತ್ತು, ಮೂರನೆಯ ಏಟಿಗೆ ಹಿಂದಿನ ಗೋಡೆ ಸೀಳಿತು. ಗ್ಯಾಸು ಹೋಗುವ ದಾರಿಯಿಂದ ತುಕ್ಕು ಬೆಲ್ಲದ ಪುಡಿಯ ಹಾಗೆ ಸುರಿಯಿತು. ಅವರು ಹೇಳಿದ ಹಾಗೆಯೇ ಒಳಗೆಲ್ಲ ತಿಂದು ಹೋಗಿತ್ತು. ಯಾರೂ ಬಣ್ಣ ಬಳಿಯಲಾರದಷ್ಟು ಚೂರು ಮಾಡಿ, ಬಿರಡೆಯ ಅರ್ಧ ತುಂಡನ್ನು ಅದರ ಮೇಲಿಟ್ಟು, ಬಾಗಿಲು ಹಾಕಿ ಬಂದೆ.

ಸಂಘದ ಸ್ವತ್ತು ಹಾಳುಮಾಡಿದೆನೆಂದು ಪೊಲೀಸರಿಗೆ ದೂರು ಕೊಡುವುದಿದ್ದರೆ ಕೊಡಿ. ಈ ಕಾಗದದ ಒಂದು ಪ್ರತಿ ಜೋಗೇಶ್ವರಿಗೆ ಹೋಗುತ್ತಿದೆ, ಒಂದು ಸಂಚಿಕೆಗೆ, ಒಂದನ್ನು ಠಾಣೆಗೆ ನಾನೇ ಒಯ್ಯುತ್ತೇನೆ. ಆ ಇನ್ಸ್‌ಪೆಕ್ಟರು ಈಗ ಅಲ್ಲಿರಲಿಕ್ಕಿಲ್ಲ. ಯಾರಿದ್ದರೂ ಆಗುತ್ತದೆ, ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇದೆ.

ಸೋರುತ್ತಿತ್ತು ಸಾಹೇಬ್. ನನಗೆ ಗೊತ್ತಿತ್ತು.